ಸಾಹುಕಾರರ ಎಡಗಡೆಯ ಜಾಗ

ಸಾಹುಕಾರರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬಟ್ಟೆಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಪರ್ರೆಂದು ಹರಿಯುವುದು ಅವರ ರೂಢಿ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಬಟ್ಟೆ ಅಂಗಡಿ, ಅದರ ಜಗಲಿಯ ಮೇಲೆ ನನ್ನ ಹೊಲಿಗೆ ಮಿಷನ್ನು. ಒಳಗೆ ಅವರು ಹರಿದದ್ದನ್ನು ಹೊರಗೆ ನಾನು ಹೊಲಿಯುತ್ತಿದ್ದೆ. ಜಗಲಿಗೆ ಬಾಡಿಗೆ ಕೇಳಿದವರಲ್ಲ. ನನ್ನ ಹತ್ತಿರ ಯಾರಾದರೂ ಚೌಕಾಸಿಗೆ ನಿಂತರೆ ಗಲ್ಲಾದಿಂದಲೇ ಗದರುತ್ತಿದ್ದರು: "ಕೈಕೆಲಸದೋರ ಹತ್ರ ಜಗ್ಗಾಡಬ್ಯಾಡ್ರಿ. ನನ್ ಹತ್ರ ಜಗ್ಗಾಡ್ರಿ, ನಾನು ಬಿಡಲ್ಲ."

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಒಳ್ಳೆಯದು ಇಷ್ಟೇ, ಮೊದಲೇ ಆಡಿ ಮುಗಿಸಿದ್ದೇನೆ.

ದಾವಣಗೆರೆಯಲ್ಲಿ ಓದುತ್ತಿದ್ದ ಅವರ ಮಗಳು ಒಮ್ಮೆ ರಜೆಗೆ ಬಂದಾಗ ಒಂದು ಆಟದ ಡಬ್ಬಿ ತಂದಳು. ಇಸ್ಪೀಟಲ್ಲ. ಹಿಂದಿನ ಕಾಲದ ವರ್ತಕರು ಒಂಟೆ, ಹಡಗುಗಳಲ್ಲಿ ದೇಶ ದೇಶ ಸುತ್ತಿ ವ್ಯಾಪಾರ ಮಾಡುವ ಆಟ. ಎಲೆಗಳ ಮೇಲೆ ರೇಷ್ಮೆ, ಮೆಣಸು, ಬಂದರು, ಮರುಭೂಮಿಯ ದಾರಿ. "ಚಂದ್ರವಳ್ಳೀಲಿ ರೋಮಿನ ದುಡ್ಡು ಸಿಕ್ಕಿತಂತೆ, ಇದ್ರಾಗೆ ನಮ್ ದುರ್ಗ ಯಾಕಿಲ್ಲ?" ಎಂದು ಸಾಹುಕಾರರು ಮಗಳನ್ನೇ ದಬಾಯಿಸಿದರು. ಆಮೇಲೆ ಆಟದ ಹುಚ್ಚು ಹತ್ತಿದ್ದು ಮಾತ್ರ ಅವರಿಗೇ. ಮಗಳು ಕಾಲೇಜಿಗೆ ಹೋದ ಮೇಲೂ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನನ್ನೂ ಎದುರಿನ ಮೆಡಿಕಲ್ ಅಂಗಡಿಯವರನ್ನೂ ಕೂರಿಸಿಕೊಂಡು ಎಲೆ ಹಂಚುತ್ತಿದ್ದರು.

ಕೈಗೆ ಬಂದ ಎಲೆಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನೆಲ್ಲ ಎಡಗಡೆಯವನಿಗೆ ದಾಟಿಸಬೇಕು. ಅವನೂ ಹಾಗೇ ಒಂದನ್ನು ತೆಗೆದು ಮುಂದಕ್ಕೆ ದಾಟಿಸಬೇಕು. ಸಾಹುಕಾರರ ಎಡಗಡೆ ಯಾವಾಗಲೂ ನನ್ನ ಜಾಗ. ಅವರು ಬಿಟ್ಟದ್ದು ನನಗೆ. ನಾನು ಮೆಣಸು, ಹಡಗು ಕೂಡಿಹಾಕಿ ಬಂದರಿಗೆ ಕಾದಿದ್ದರೆ, ಒಂಟೆಗಳನ್ನೇ ಕಟ್ಟಿಕೊಂಡು ಕೂತ ಅವರು ಬಂದರಿನ ಎಲೆಯನ್ನು ಎತ್ತಿ ಮಗುಚಿಡುತ್ತಿದ್ದರು. ಹಾಗೆ ಮಗುಚಿಟ್ಟರೆ ಏನೂ ಗಿಟ್ಟುವುದಿಲ್ಲ.

"ನಿಮಗೆ ಅದು ಕೆಲ್ಸಕ್ಕೆ ಬರಲ್ವಲ್ಲ ಸಾವ್ಕಾರ್ರೆ."

"ನಂಗೆ ಬ್ಯಾಡ ಕಣಪ್ಪ. ನಿನ್ ಕೈಗೆ ಹೋಗಬಾರ್ದು, ಅಷ್ಟೇ."

ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದರು. ಹೀಗೆ ನಾವಿಬ್ಬರೂ ಸೋಲುತ್ತಿದ್ದೆವು, ಗೆಲ್ಲುತ್ತಿದ್ದವರು ಮೆಡಿಕಲ್‌ನವರು. ನನಗಿಂತ ಒಂದು ಕಾಸು ಮುಂದಿದ್ದರೆ ಸಾಕು, ಸಾಹುಕಾರರಿಗೆ ಅದೇ ಗೆಲುವು. ಆಟ ತಾನೆ ಎಂದು ನಾನೂ ನಗುತ್ತಿದ್ದೆ. ನಾನೊಬ್ಬ ದಡ್ಡ.

ಪಕ್ಕದ ಸೈಕಲ್ ಅಂಗಡಿ ಖಾಲಿಯಾಯಿತು. ನನ್ನ ಹೆಂಡತಿ ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತಿದ್ದಳು. ಅವಳ ಕೈ ನನ್ನದಕ್ಕಿಂತ ಚೊಕ್ಕ. ಆದರೆ ಊರಾಚೆಯ ಮನೆಯವರೆಗೆ ಯಾರು ಬರುತ್ತಾರೆ, ರಸ್ತೆಯವರೆಲ್ಲ ನೋಡುವ ಜಗಲಿಯಲ್ಲಿ ಯಾವ ಹೆಂಗಸು ಅಳತೆ ಕೊಡುತ್ತಾಳೆ? ಆ ಮಳಿಗೆ ಸಿಕ್ಕರೆ ಒಂದು ಪರದೆ, ನಿಲುವುಗನ್ನಡಿ, ಎರಡು ಮಿಷನ್ನು. ಪರದೆಗೆ ಬಣ್ಣ ಕೂಡ ಅವಳು ಆರಿಸಿದ್ದಳು. ಶಿವಮೊಗ್ಗದಲ್ಲಿದ್ದ ಮಾಲೀಕರು ಬಾಡಿಗೆಗೆ ಕೊಡಲು ಒಪ್ಪಿದರು. ಆ ಖುಷಿಯನ್ನು ನಾನು ಮೊದಲು ಹೇಳಿದ್ದು ಸಾಹುಕಾರರಿಗೆ.

"ಒಳ್ಳೇದಾತು ಬಿಡಪ್ಪ," ಎಂದು ಕಾಫಿ ತರಿಸಿದರು. ಮುಂದಿನ ವಾರ ಮಳಿಗೆಯನ್ನೇ ಕೊಂಡು ತಮ್ಮ ಬೀಗ ಹಾಕಿದರು. ಗೋಡೌನಿಗೆ ಬೇಕಿತ್ತಂತೆ.

ವರ್ಷಗಳು ಹೋದವು. ಒಳಗೆ ಒಂದು ಬಟ್ಟೆ ಗಂಟೂ ಹೋಗಲಿಲ್ಲ. ಒಂದು ದಿನ ಎಲೆ ಹಂಚುವಾಗ ಕೇಳಿಯೇಬಿಟ್ಟೆ.

"ಸಾವ್ಕಾರ್ರೆ, ಸುಮ್ನೆ ಬಿದ್ದೈತೆ. ಬಾಡಿಗೆಗಾದ್ರೂ ಕೊಡ್ರಿ."

"ಜಗಲಿಗೇನಾಗೈತೆ? ನೀನು ಪಕ್ಕಕ್ಕೆ ಹೋದ್ರೆ ನನ್ ಗಿರಾಕಿ ನಿನ್ ಹಿಂದೆ ಬರ್ತಾರೆ."

"ನಾನೇನು ಬಟ್ಟೆ ಮಾರ್ತೀನಾ?"

"ಇವತ್ತು ಮಾರಲ್ಲ," ಎಂದು ಎಲೆಗಳನ್ನು ನನ್ನ ಕಡೆ ದಾಟಿಸಿದರು.

"ನಿಮ್ಗೆ ಸಿಟ್ಟೇ ಬರಲ್ವೇನ್ರಿ? ಇನ್ನೂ ಅವ್ರ ಜೊತೆ ಕುಂತು ಆಡ್ತೀರಲ್ಲ," ಎಂದಳು ಹೆಂಡತಿ ಆ ರಾತ್ರಿ ಮನೆಯಲ್ಲಿ. ಸಿಟ್ಟು ಬರುತ್ತಿತ್ತು. ಆದರೆ ಮಿಷನ್ನು ಅವರ ಜಗಲಿಯ ಮೇಲಿತ್ತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿಯಿತು. ಸೂಜಿಗೆ ದಾರ ಪೋಣಿಸುವುದು ನಿಂತಿತು, ಆಮೇಲೆ ಹೊಲಿಗೆಯೂ ನಿಂತಿತು.

ಕಳೆದ ಬೇಸಿಗೆಯಲ್ಲಿ ಸಾಹುಕಾರರು ಗಲ್ಲಾದ ಮೇಲೆ ಕೂತಲ್ಲೇ ಹೋದರು. ಕಾರ್ಯವೆಲ್ಲ ಮುಗಿದ ಮೇಲೆ ಮಗಳು ನನ್ನನ್ನು ಕರೆದು, ಸೀಮೆಎಣ್ಣೆ ಬಿಟ್ಟು ಆ ಬೀಗ ತೆಗೆಸಿದಳು. ಒಳಗೆ ಸೈಕಲ್ ಅಂಗಡಿಯ ಗ್ರೀಸಿನ ಕಲೆ ಬಿಟ್ಟರೆ ಏನೂ ಇರಲಿಲ್ಲ.

"ಅಪ್ಪ ಇಲ್ಲಿ ಏನೂ ಇಟ್ಟೇ ಇಲ್ವಲ್ಲಣ್ಣ. ಮತ್ಯಾಕೆ ತಗಂಡಿದ್ರು?"

"ಗೊತ್ತಿಲ್ಲ ಕಣವ್ವ," ಎಂದೆ. ತಂದೆಯನ್ನು ಕಳೆದುಕೊಂಡ ಮಗಳಿಗೆ ಇನ್ನೇನು ಹೇಳುವುದು?

"ಮಳಿಗೆ ನಿಮಗೇ ಇರ್ಲಣ್ಣ. ಬ್ಯಾಡ ಅಂದ್ರೆ ಹೇಳ್ರಿ, ರಾಮಗಿರಿಯ ಹುಡುಗಿಯೊಬ್ಬಳು ಟೈಲರಿಂಗಿಗೆ ಕೇಳ್ತಿದಾಳೆ," ಎಂದು ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟಳು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೀಗದ ಕೈಯನ್ನು ಬೆರಳಿನಲ್ಲಿ ಸವರಿ ನೋಡಿದಳು.

"ಇನ್ನು ನಾವಂತೂ ಅಂಗಡಿ ಇಡಲ್ಲ. ಆ ಹುಡುಗಿಗೆ ಬಿಡ್ರಿ."

"ನಿಂಗೆ ಸಿಗದಿದ್ದು ಅವಳಿಗ್ಯಾಕೆ? ಬೀಗ ಹಾಕೇ ಇರ್ಲಿ," ಎಂದೆ.

ಯಾರ ಮಾತು ನನ್ನ ಬಾಯಲ್ಲಿ ಬಂತೆಂದು ಇಬ್ಬರಿಗೂ ಗೊತ್ತಾಗಿತ್ತು. ಅಷ್ಟು ವರ್ಷ ಅವರ ಎಡಗಡೆ ಕೂತು ನಾನು ಕಲಿತದ್ದು ಇದು. ಮರುದಿನ ನಾನು ಏಳುವ ಮೊದಲೇ ಅವಳು ಬೇಲಿ, ಗೋಡೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗಿ, ಸಾಹುಕಾರರ ಮಗಳಿಗೆ ಹೇಳಿ ಬೀಗದ ಕೈಯನ್ನು ಆ ಹುಡುಗಿಗೆ ಕೊಡಿಸಿ ಬಂದಳು.