ವಿತ್ ಹಾಕಿ ಬರೆದ ರಜೆ ಚೀಟಿ

ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸಿದವಳು. ಒಂದು ಪಾಠ ಬರುವ ದಿನ ಮಾತ್ರ ನನಗೆ ಕ್ಲಾಸಿಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಮುಂದೆ ಒಂದು 'ವಿತ್', ಅದರ ಪಕ್ಕ ಒಂದು ನಾಮಪದ, ಆಮೇಲೆ 'ಇಂಗ್' ಅಂಟಿಸಿಕೊಂಡ ಒಂದು ಕ್ರಿಯಾಪದ, ಅಷ್ಟೇ ಪಾಠ. ಮಕ್ಕಳು ಎರಡು ಅಂಕಕ್ಕೆಂದು ಬಾಯಿಪಾಠ ಮಾಡಿ ಮರೆಯುತ್ತಿದ್ದರು. ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ನಮ್ಮೂರು ಹೊಂಗನೂರಿನ ಹತ್ತಿರ. ನಾನು ಹತ್ತನೇ ಕ್ಲಾಸಿಗೆ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ ಬರುತ್ತಿದ್ದೆ. ಹೋಗಿ ಬರುತ್ತಿದ್ದೆ ಅನ್ನುವುದು ದೊಡ್ಡ ಮಾತು. ಮನೆಯಲ್ಲಿ ರೇಷ್ಮೆ ಹುಳು ಇದ್ದಾಗೆಲ್ಲ ಹೋಗುತ್ತಲೇ ಇರಲಿಲ್ಲ. ಅಪ್ಪ ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು, ಅವ್ವ ಮತ್ತು ನಾನು ಹೆಚ್ಚಿ ಹುಳದ ತಟ್ಟೆಗಳಿಗೆ ಹಾಕುವುದು. ಹುಳು ಮನುಷ್ಯರ ಹಾಗೆ ಭಾನುವಾರ ನೋಡಿಕೊಂಡು ತಿನ್ನುವುದಿಲ್ಲವಲ್ಲ. ಹೀಗಾಗಿ ನನ್ನ ಹಾಜರಿ ಎರಡು ಮೂರು ದಿನ ಕಡಿಮೆ ಬಿತ್ತು. ಪರೀಕ್ಷೆಗೆ ಹೆಸರು ಕಳಿಸುವ ಕಾಲ ಬಂದಾಗ ಹೆಡ್ ಮಾಸ್ಟರು ಕರೆದು, ಯಾಕೆ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಕೊಡು, ಕಾರಣ ಸರಿಯಿದ್ದರೆ ನೋಡುವ ಎಂದರು.

ಅಪ್ಪ ಮೊದಲೇ ಹೇಳಿಬಿಟ್ಟಿದ್ದ. "ಈ ಸಲ ಪರೀಕ್ಷೆ ಕಟ್ಟುದ್ರೆ ಮುಂದಕ್ಕೆ ಓದು. ಇಲ್ದಿದ್ರೆ ಸಾಕು ಕಣವ್ವ, ಮನೇಲಿರು." ಅಪ್ಪ ಕೆಟ್ಟವನಲ್ಲ. ಆದರೆ ಹೇಳಿದ್ದನ್ನು ಮಾಡುವವನು. ಅದಕ್ಕೇ ನನಗೆ ಭಯ.

ಅದೇ ವಾರ ನಮ್ಮ ಇಂಗ್ಲಿಷ್ ಮೇಷ್ಟ್ರು ಆ ವಿತ್ ಪಾಠ ಮಾಡಿದ್ದರು. ಬೋರ್ಡಿನ ಮೇಲೆ 'ವಿತ್ ದ ರೈನ್ ಫಾಲಿಂಗ್, ವಿ ಸ್ಟೇಡ್ ಅಟ್ ಹೋಮ್' ಎಂದು ಬರೆದು ಅರ್ಥ ಕೇಳಿದರು. ನಾನು ಧೈರ್ಯವಾಗಿ ಎದ್ದು, "ಬೀಳುವ ಮಳೆಯ ಜೊತೆ ನಾವು ಮನೆಯಲ್ಲಿದ್ದೆವು" ಅಂದೆ.

"ಏನಮ್ಮ, ಮಳೇನ ಪಕ್ಕದಲ್ಲಿ ಕೂರಿಸ್ಕಂಡು ಕಾಫಿ ಕುಡುದ್ರಾ?" ಎಂದರು. ಕ್ಲಾಸೆಲ್ಲ ನಕ್ಕಿತು. ನನಗೆ ಸಿಟ್ಟು ಬಂದು ಮುಖ ಕೆಂಪಾಯಿತು. ಆಮೇಲೆ ಮೇಷ್ಟ್ರೇ ಬಿಡಿಸಿ ಹೇಳಿದರು. ಇಲ್ಲಿ ವಿತ್ ಅಂದರೆ ಜೊತೆ ಅಲ್ಲ, ಮಳೆ ಬೀಳುತ್ತಿರಲಾಗಿ ಅಂತ. ನಮ್ಮ ಕನ್ನಡ ವ್ಯಾಕರಣದ ಸತಿ ಸಪ್ತಮಿಯ ಹಾಗೆ. ಬೀಳುವುದು ಮಳೆ, ಮನೆಯಲ್ಲಿರುವುದು ನಾವು. ಒಂದು ವಾಕ್ಯ, ಎರಡು ಕರ್ತೃ. "ವಿತ್ ಹಾಕಿದ ಮೇಲೆ ಅದು ಯಾರದು ಅಂತ ಹೇಳೋದು ಮಾತ್ರ ಮರೀಬೇಡಿ" ಎಂದು ಎರಡು ಸಲ ಹೇಳಿದರು.

ನಾನು ಮರೆತೆ. ರಜೆ ಚೀಟಿಯಲ್ಲಿ ಹೊಸದಾಗಿ ಕಲಿತದ್ದನ್ನು ತೋರಿಸಬೇಕು ಎಂಬ ಜಂಬ ಬೇರೆ. 'ವಿತ್ ಫೋರ್ ಫೀವರ್ಸ್ ಕಮಿಂಗ್ ಒನ್ ಆಫ್ಟರ್ ಅನದರ್ ಇನ್ ಅವರ್ ಹೌಸ್, ಐ ಕುಡ್ ನಾಟ್ ಅಟೆಂಡ್ ದ ಸ್ಕೂಲ್' ಎಂದು ಬರೆದೆ. ನಮ್ಮ ಮನೆಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಜ್ವರ ಬರುತ್ತಿರಲಾಗಿ ಶಾಲೆಗೆ ಬರಲಾಗಲಿಲ್ಲ ಅಂತ, ಆದರೆ ಜ್ವರ ಯಾರದು ಅಂತ ಬರೆಯಲಿಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲ್ಲಾಡದೆ ಕೂತು, ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಇಂಗ್ಲಿಷಿನಲ್ಲಿ ಜ್ವರಕ್ಕೆ ಫೀವರ್ ಅನ್ನದೆ ಇನ್ನೇನು ಅನ್ನಬೇಕು ಎಂದು ನನಗಾದರೂ ಹೇಗೆ ಗೊತ್ತು? ಬರೆಯುವಾಗ ನನ್ನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಇದನ್ನು ದೇವರಾಣೆ ಮಾಡಿ ಹೇಳುತ್ತೇನೆ.

ಶನಿವಾರ ಬೆಳಗಿನ ಶಾಲೆ. ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು, ಸೊಪ್ಪು ಹಾಕುವ ಹಾಗಿರಲಿಲ್ಲ, ಹಾಗಾಗಿ ನನಗೆ ಬಿಡುವು. ಚೀಟಿ ತೆಗೆದುಕೊಂಡು ಹೋಗಿ ಕೊಟ್ಟೆ. ಹೆಡ್ ಮಾಸ್ಟರು ಕರಾವಳಿಯ ಕಡೆಯವರು, ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಚೀಟಿ ಓದಿ ಕನ್ನಡಕ ತೆಗೆದರು.

"ಅಯ್ಯೋ, ಒಂದೇ ಮನೆಯಲ್ಲಿ ನಾಲ್ಕು ಜ್ವರವಾ? ಮೊದಲೇ ಹೇಳಬಾರದಾ? ಮನೆಯಲ್ಲಿ ಕಾಯಿಲೆ ಅಂದರೆ ರಿಯಾಯಿತಿ ಉಂಟು. ನಾನು ಬರೆದು ಕಳಿಸುತ್ತೇನೆ."

ಆಗ ನಾನು ಬಾಯಿ ಬಿಡಬೇಕಿತ್ತು. "ಸಾರ್, ಅದು ಹುಳದ ಜ್ವರ" ಎಂಬ ನಾಲ್ಕು ಮಾತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೆಸರು ಹೋಗುತ್ತದೆ, ಪರೀಕ್ಷೆ ಸಿಗುತ್ತದೆ, ನಾನೇನು ಸುಳ್ಳು ಬರೆದಿಲ್ಲವಲ್ಲ ಎಂದು ಲೆಕ್ಕ ಹಾಕಿದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಪುಣ್ಯಾತ್ಮರು ಛತ್ರಿ ತೆಗೆದುಕೊಂಡು ಎದ್ದೇಬಿಟ್ಟರು. "ನಡಿ, ಮನೆ ನೋಡಿ ಬರುವ. ಅಂಟುಜ್ವರ ಆದರೆ ಆಸ್ಪತ್ರೆಗೆ ತಿಳಿಸಬೇಕು. ಉಳಿದ ಮಕ್ಕಳೂ ಇದ್ದಾರಲ್ಲ."

ಬಸ್ಸಿನಲ್ಲಿ ಅವರು ಮುಂದಿನ ಸೀಟು, ನಾನು ಹಿಂದೆ. ಈಗ ಹೇಳಲೇ, ಮುಂದಿನ ಸ್ಟಾಪಿನಲ್ಲಿ ಹೇಳಲೇ ಎಂದುಕೊಳ್ಳುತ್ತಲೇ ಹೊಂಗನೂರು ಬಂತು. ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ದರಿದ್ರದ ಬಸ್ಸು, ದಿನಾ ಕೆಡುವುದು ಅವತ್ತು ಕೆಡಲಿಲ್ಲ. ಇಳಿದು ಊರಿನ ತನಕ ನಡೆಯುವಾಗ ಹೆಡ್ ಮಾಸ್ಟರು, "ಹೆದರಬೇಡ, ಎಲ್ಲ ಗುಣವಾಗುತ್ತದೆ" ಎಂದು ನನಗೇ ಸಮಾಧಾನ ಹೇಳಿದರು.

ಅವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹೆಡ್ ಮಾಸ್ಟರನ್ನು ಕಂಡು ಸೆರಗು ಎಳೆದುಕೊಂಡು ಎದ್ದು, ಚಾಪೆ ಹಾಸಿದಳು. ಅಪ್ಪ ಹೊಲದಲ್ಲಿದ್ದ, ಸದ್ಯ.

"ಹೇಗಿದೆ ಅಮ್ಮ ಜ್ವರ?" ಎಂದರು ಹೆಡ್ ಮಾಸ್ಟರು.

ಅವ್ವನಿಗೆ ಖುಷಿಯಾಯಿತು. ಇಷ್ಟು ಓದಿದವರು ನಮ್ಮ ಹುಳು ವಿಚಾರಿಸಲು ಬಂದಿದ್ದಾರಲ್ಲ ಎಂದು. "ನಾಕನೇದು ಮೇಷ್ಟ್ರೇ. ನೆನ್ನೆ ಕೂತ್ಕಂಡವೆ, ನಾಳೀಕೆ ಎದ್ಬುಡ್ತವೆ."

"ಕೂತ್ಕಂಡವೆ?" ಹೆಡ್ ಮಾಸ್ಟರ ಹುಬ್ಬು ಮೇಲೇರಿತು. "ಎಷ್ಟು ಮಂದಿ?"

"ಮಂದಿ ಎಲ್ಲಿ ಬಂತು ಮೇಷ್ಟ್ರೇ! ಹುಳ ಎಣ್ಸಕ್ಕಾದದಾ? ಬನ್ನಿ, ನೋಡಿವ್ರಂತೆ."

ಇಂಗ್ಲಿಷಿನ ವಿತ್ ಇಷ್ಟು ಹೊತ್ತು ಮುಚ್ಚಿಟ್ಟಿದ್ದನ್ನು ಅವ್ವನ ಒಂದು ಕ್ರಿಯಾಪದ ಬಯಲಿಗೆ ಎಳೆಯಿತು. ಮನುಷ್ಯರಾಗಿದ್ದರೆ ಕೂತ್ಕಂಡವ್ರೆ ಅನ್ನುತ್ತಿದ್ದಳು. ನಮ್ಮ ಭಾಷೆಯಲ್ಲಿ ಯಾರು ಕೂತರು ಎನ್ನುವುದನ್ನು ಬಚ್ಚಿಡಲು ಎಲ್ಲಿ ಜಾಗವಿದೆ? ಹೆಡ್ ಮಾಸ್ಟರು ಒಳಗೆ ಹೋಗಿ ತಟ್ಟೆಗಳನ್ನು ನೋಡಿ ಬಂದರು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ.

"ಆಫೀಸಿನಲ್ಲಿ ನಾನು ಕಾಯಿಲೆ ಅಂದಾಗ ನೀನು ಸುಮ್ಮನಿದ್ದೆ," ಎಂದರು. ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು. "ಹುಳದ ಜ್ವರಕ್ಕೆ ರಿಯಾಯಿತಿ ಇಲ್ಲ ಮಗು. ನಿನ್ನ ಹೆಸರು ಕಳಿಸಲಿಕ್ಕೆ ಆಗುವುದಿಲ್ಲ."

ಅವ್ವ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ನನ್ನನ್ನು. ಅವಳಿಗೆ ಎಲ್ಲ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಂಗೂ ಐತೆ ಮೇಷ್ಟ್ರೇ ಜ್ವರ," ಎಂದಳು. "ನಾಕ್ ದಿನಾಯ್ತು. ಅದ್ಕೇ ಮಗ ಮನೇಲಿ ನಿಂತ್ಕತ್ತು."

ನನಗೆ ನಾಚಿಕೆಯಿಂದ ಭೂಮಿಗೆ ಇಳಿದು ಹೋಗುವ ಹಾಗಾಯಿತು. ನನ್ನ ಸುಳ್ಳಿಗೆ ಅವ್ವನೂ ಸುಳ್ಳು ಸೇರಿಸಿದಳಲ್ಲ ಎಂದುಕೊಂಡೆ. ಹೆಡ್ ಮಾಸ್ಟರೂ ನಂಬಲಿಲ್ಲ.

"ಈಗ ಬಂತಾ ಅಮ್ಮ?" ಎಂದು ಬೇಸರದಿಂದ ನಕ್ಕರು. ನನ್ನ ಕಡೆ ತಿರುಗಿದರು. "ನಾನು ಮುಟ್ಟಿ ನೋಡುವ ಹಾಗಿಲ್ಲ. ನೀನೇ ನೋಡು. ನೀನು ಏನು ಹೇಳುತ್ತೀಯೋ ಅದನ್ನೇ ಬರೆಯುತ್ತೇನೆ. ಈ ಸಲ ಮಾತ್ರ ನಿಜ ಹೇಳು."

ಕಂಬದಿಂದ ಅವ್ವನ ತನಕ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ನಾನು ತೀರ್ಮಾನ ಮಾಡಿದ್ದೆ. ಹಣೆ ತಣ್ಣಗಿದ್ದರೂ ಸುಡುತ್ತಿದೆ ಅನ್ನುವುದು. ವಿತ್ ಇಲ್ಲ, ವ್ಯಾಕರಣ ಇಲ್ಲ, ಸೀದಾ ಸುಳ್ಳು. ಅಪ್ಪನ ಮಾತು ಕಿವಿಯಲ್ಲಿತ್ತು. ಹೋಗಿ ಅವ್ವನ ಹಣೆಯ ಮೇಲೆ ಕೈ ಇಟ್ಟೆ.

ಕೆಂಡ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ. ಕಣ್ಣು ಕೆಂಪಗಾಗಿ ಒಳಗೆ ಹೋಗಿದ್ದವು. ಹುಳು ಜ್ವರಕ್ಕೆ ಕೂರುವವರೆಗೂ ಅವಳ ಮಗ್ಗುಲಲ್ಲೇ ಕೂತು ಸೊಪ್ಪು ಹೆಚ್ಚಿದ್ದೆ, ನಾಲ್ಕು ದಿನದಲ್ಲಿ ಒಂದು ಸಲವೂ ಮುಖ ನೋಡಿರಲಿಲ್ಲ.

ಆ ಕ್ಷಣ ನನಗೆ ಏನನ್ನಿಸಿತು ಎಂದು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅಯ್ಯೋ ಅವ್ವ ಎಂದು ಅನ್ನಿಸಲಿಲ್ಲ. ಅದು ಆಮೇಲೆ ಬಂತು, ಅಳುವೂ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಪರೀಕ್ಷೆ ಸಿಕ್ಕಿತು ಎಂಬ ಸಂತೋಷ, ಮೈಯೆಲ್ಲ ಹಗುರಾಗುವಂಥದ್ದು. "ಸುಡ್ತಾ ಐತೆ ಸಾರ್!" ಎಂದು ನಾನು ಕೂಗಿದ್ದು ಬಹುಮಾನ ಬಂದವರ ದನಿಯಲ್ಲಿ.

ಹೆಡ್ ಮಾಸ್ಟರು ತಲೆ ತಗ್ಗಿಸಿ ಚೀಟಿಯ ಮೇಲೆ ಏನೋ ಬರೆಯತೊಡಗಿದರು. ಅವರು ನನ್ನ ಮುಖ ನೋಡಲಿಲ್ಲ. ಅವ್ವ ನೋಡಿದಳು. ನನ್ನ ಕೈಯನ್ನು ಮೆಲ್ಲಗೆ ಹಣೆಯಿಂದ ತೆಗೆದು, "ಆಯ್ತಲ್ಲ ಬುಡು ಮಗ," ಎಂದಳು. "ಓಗಿ ಓದ್ಕೊ."