ಗೇಟು ಬಿಟ್ಟು ಕದಲದ ನೀಲಿ ಚುಕ್ಕಿ

“ಅಕ್ಕಾರ, ಈ ಚುಕ್ಕಿ ಎಲ್ಲೈತಿ, ಚೂರು ನೋಡಿ ಹೇಳ್ರಿ.”

ಮೊನ್ನೆ ಗುರುವಾರ ಬೆಳಿಗ್ಗೆ ನಮ್ಮ ಮಹಡಿ ರೂಮಿನ ಬಾಡಿಗೆದಾರ ಸಿದ್ದಪ್ಪ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು ಹೀಗೆ ಕೇಳಿದ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಮ್ಯಾಪು. ಬೊಮ್ಮಸಂದ್ರದ ಇಂಡಸ್ಟ್ರಿಯಲ್ ಏರಿಯಾ. ಅಲ್ಲೊಂದು ಮಾತ್ರೆ ಫ್ಯಾಕ್ಟರಿಯ ಗೇಟು. ಗೇಟಿನ ಪಕ್ಕದಲ್ಲಿ ನೀಲಿ ಚುಕ್ಕಿ.

“ಅದು ನನ್ನ ಹೇಣ್ತಿ,” ಎಂದ.

(ಹೆಂಡತಿಯನ್ನು ಹೀಗೆ ಚುಕ್ಕಿ ತೋರಿಸಿ ಪರಿಚಯಿಸಿದ ಗಂಡಸನ್ನು ನಾನಂತೂ ಇದೇ ಮೊದಲು ಕಂಡದ್ದು.)

ಸಿದ್ದಪ್ಪ ಸಿಂದಗಿ ಕಡೆಯವನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟೊಂದರಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ಹೆಂಡತಿ ಶಿವಲೀಲಾ ಹೋದ ತಿಂಗಳಷ್ಟೇ ಆ ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿಗೆ ಸೇರಿದ್ದಾಳೆ. ಕೆಲಸ ಖಾಲಿ ಇದೆ ಅಂತ ಅವಳಿಗೆ ಗೊತ್ತಾದದ್ದೇ ಊರಿನವರ ವಾಟ್ಸಾಪ್ ಗ್ರೂಪಿನಿಂದ. ಕತ್ತಿನಲ್ಲೀಗ ಫೋಟೊ, ಹೆಸರು ಇರುವ ಐಡಿ ಕಾರ್ಡು. ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲು ಹೋದರೂ ಅದನ್ನು ತೆಗೆಯುವುದಿಲ್ಲ. ಆ ಹುಡುಗಿಯ ನಡಿಗೆಯೇ ಬದಲಾಗಿದೆ. ನೋಡಿದರೆ ನನಗೇ ಖುಷಿಯಾಗುತ್ತದೆ.

ಮಾರ್ನಿಂಗ್ ಶಿಫ್ಟಿಗೆ ಇನ್ನೂ ಕತ್ತಲಿರುವಾಗಲೇ ಹೊರಡಬೇಕು. ಸೇಫ್ಟಿಗೆ ಇರಲಿ ಅಂತ ಗಂಡ ಹೆಂಡತಿ ಇಬ್ಬರೂ ಕೂತು ಲೊಕೇಶನ್ ಶೇರ್ ಆನ್ ಮಾಡಿಕೊಂಡಿದ್ದರು. ತಪ್ಪೇನಿದೆ? ಬಸ್ಸು ಹತ್ತಿದಳಾ, ಇಳಿದಳಾ, ಎಲ್ಲ ಗೊತ್ತಾಗುತ್ತದೆ. ಆದರೆ ಇಳಿದ ಮೇಲೂ ಅವನು ನೋಡುತ್ತಲೇ ಇದ್ದ.

“ಶಿಫ್ಟ್ ಮುಗಿಯೂತನಾ ಈ ಚುಕ್ಕಿ ಅಳ್ಳಾಡಂಗಿಲ್ರಿ ಅಕ್ಕಾರ. ದಿನಾ ಹಿಂಗ. ಗೇಟಿನ್ಯಾಗ ಕುಂತಿರ್ತಾಳ. ನಿನ್ನಿ ಹೋಗಿ ದೂರದಿಂದ ನೋಡಿ ಬಂದೆ. ಅಲ್ಲೊಬ್ಬ ಸೆಕ್ಯೂರಿಟಿ ಅದಾನ. ಮೀಸಿ ಭಾಳ ಚಂದ ಬಿಟ್ಟಾನ.”

ಅವನ ಸಂಕಟ ಅರ್ಥವಾಯಿತು. ಕೆಲಸಕ್ಕೆ ರಜೆ ಹಾಕಿ, ತಿಂಡಿ ಬಿಟ್ಟು, ನಸುಕಿನಿಂದ ಆ ಸ್ಕ್ರೀನನ್ನೇ ದಿಟ್ಟಿಸಿದ್ದಾನೆ.

“ಅವಳನ್ನೇ ಕೇಳಬಹುದಿತ್ತಲ್ಲಪ್ಪ?” ಎಂದೆ.

“ಕೇಳಿದ್ರ ಸುಳ್ಳ ಹೇಳ್ತಾಳ್ರಿ. ಇದು ಸುಳ್ಳ ಹೇಳಂಗಿಲ್ಲ. ಸೋಮಾರದಿಂದ ಕೆಲಸ ಬಿಡಸ್ತೀನಿ. ಮನ್ಯಾಗ ಇರ್ಲಿ.”

ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಅನುಮಾನ ಬಂತು. ಪ್ಯಾಕಿಂಗ್ ಸೆಕ್ಷನ್ನಿನವಳಿಗೆ ಇಡೀ ಶಿಫ್ಟು ಗೇಟಿನಲ್ಲಿ ಏನು ಕೆಲಸ? ನೋಡಿ, ಎಷ್ಟು ಸುಲಭ. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಿದ್ದರು ಹಿರಿಯರು. ನಾವೀಗ ಕಣ್ಣಾರೆ ಕಾಣುವ ಗೋಜಿಗೇ ಹೋಗುವುದಿಲ್ಲ. ಫೋನಿನಲ್ಲಿ ಬಂತೇ? ಹಾಗಾದರೆ ಸತ್ಯ.

ನನ್ನ ಮಗಳು ಕಾಡುಗೋಡಿಯಲ್ಲಿದ್ದಾಳೆ. ಅವಳೇ ನನ್ನನ್ನೂ ಇಂಥದ್ದೊಂದು ಫ್ಯಾಮಿಲಿ ಆ್ಯಪ್‌ಗೆ ಸೇರಿಸಿದ್ದಾಳೆ, “ಅಮ್ಮಾ, ಸುಮ್ನೆ ಫೋನ್ ಮಾಡಿ ತಲೆ ತಿನ್ಬೇಡ, ಇದ್ರಲ್ಲೇ ನೋಡ್ಕೊ,” ಅಂತ. ಉಪಕಾರವಾಯಿತು, ಒಪ್ಪುತ್ತೇನೆ. ಮೊದಲು ಅವಳು ಎಲ್ಲಿದ್ದಾಳೋ ಅಂತ ಚಿಂತೆಯಿತ್ತು. ಈಗ ಅಲ್ಲಿ ಯಾಕಿದ್ದಾಳೆ ಅಂತ ಚಿಂತೆ. ಮೊನ್ನೆ ಒಂದು ಆಸ್ಪತ್ರೆ ಎದುರು ಅವಳ ಚುಕ್ಕಿ ನಿಂತುಬಿಟ್ಟಿತು. ದೇವರಿಗೆ ಹರಕೆ ಹೊತ್ತೆ. ವಿಚಾರಿಸಿದರೆ, ಟ್ರಾಫಿಕ್ ಜಾಮ್. (ಹರಕೆ ಹಾಗೇ ಬಾಕಿ ಇದೆ.)

ಈ ಆ್ಯಪ್ ಮಾಡಿದವರ ಮೇಲೇ ನನಗೆ ಗುಮಾನಿ. ಎಲ್ಲಿದ್ದಾರೆ ಅಂತ ಹೇಳಿ, ಯಾಕೆ ಅನ್ನುವುದನ್ನು ನಮ್ಮ ತಲೆಗೇ ಬಿಟ್ಟರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಕಾಮಾಲೆ ಕಣ್ಣಿನವನ ಕೈಗೆ ದುರ್ಬೀನು ಕೊಟ್ಟರೆ ಹಳದಿ ಇನ್ನಷ್ಟು ಹತ್ತಿರ ಕಾಣುತ್ತದೆ, ಅಷ್ಟೇ.

ಮಧ್ಯಾಹ್ನ ಶಿವಲೀಲಾ ಬಂದಳು. ಐಡಿ ಕಾರ್ಡು ಹಾಗೇ ಕತ್ತಿನಲ್ಲಿತ್ತು. ಜಗಲಿಯಲ್ಲಿ ಕೂತ ಗಂಡನ ಮುಖ ನೋಡಿ ನಮ್ಮ ಮನೆ ಗೇಟಿನಲ್ಲೇ ನಿಂತಳು.  ಚುಕ್ಕಿ ಯಾಕೆ ಗೇಟು ಬಿಟ್ಟು ಕದಲುವುದಿಲ್ಲ ಅಂತ ನಾನೇ ಕೇಳಿದೆ.

ಅವಳಿಗೆ ಮೊದಲು ನಗು ಬಂತು. ಆಮೇಲೆ ಕಣ್ಣು ತುಂಬಿತು.

“ಒಳಗ ಫೋನ್ ಬಿಡಂಗಿಲ್ರಿ ಅಕ್ಕಾರ. ಮಾತ್ರಿ ತಯಾರಾಗೂ ಜಾಗ. ಬಳಿ, ಉಂಗುರಾನೂ ಬಿಚ್ಚಿಸ್ತಾರ. ಸೆಕ್ಯೂರಿಟಿ ರೂಮಿನ್ಯಾಗ ಲಾಕರ್ ಅದಾವು. ಎಲ್ಲಾರೂ ಫೋನ್ ಅಲ್ಲೇ ಇಟ್ಟು ಒಳಗ ಹೋಗ್ತೀವಿ. ಅಲ್ಲಿ ಕುಂತದ್ದು ಫೋನ್ ರಿ, ನಾ ಅಲ್ಲ.” ಆಮೇಲೆ ಗಂಡನ ಕಡೆ ತಿರುಗಿದಳು. “ಒಂದ್ ಮಾತು ನನ್ನ ಕೇಳಾಕ ನಿಮಗೇನಾಗಿತ್ತು?”

ಸಿದ್ದಪ್ಪ ತಲೆ ಕೆರೆದುಕೊಂಡ. ಅವನ ಸೈಟಿನಲ್ಲಿ ಮೇಸ್ತ್ರಿಯಿಂದ ಹಿಡಿದು ಕಲ್ಲು ಹೊರುವವರ ತನಕ ಎಲ್ಲರ ಜೇಬಿನಲ್ಲೂ ಫೋನಿರುತ್ತದೆ. ಫೋನು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಇರಬಹುದು ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. “ಹೌದೇನು?” ಎಂದು ನಕ್ಕ. ಹೆಂಡತಿಯ ಕೈಯಿಂದ ಬುತ್ತಿ ಚೀಲ ಇಸಿದುಕೊಂಡ. ನನಗೆ ಎದೆಯ ಭಾರ ಇಳಿಯಿತು. ಒಂದು ಸಂಸಾರ, ಒಂದು ಕೆಲಸ, ಎರಡನ್ನೂ ಉಳಿಸಿದೆ ಅಂತ ಒಳಗೊಳಗೇ ಬೀಗಿದೆ ಕೂಡ.

ಶಿವಲೀಲಾ ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿ ಹೋದಳು. ಸಿದ್ದಪ್ಪ ಹಿಂದೆ ಉಳಿದ. ಅವಳು ಬಾಗಿಲು ತೆರೆದ ಸದ್ದು ಕೇಳಿದ ಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

“ಖರೆ ಅಕ್ಕಾರ. ಗೇಟಿನ್ಯಾಗ ಇರೂದು ಬರೀ ಫೋನು. ಹಂಗಾದ್ರ ಶಿಫ್ಟ್ ಮುಗಿಯೂತನಾ ಈಕಿ ಎಲ್ಲಿರ್ತಾಳ?”