ಮನೆ ಮುಂದಿನ ಹಬೆ

ಪಿಲ್ಲಗುಂಪೆಯ ಕಾರ್ಖಾನೆಯವರು ನಮ್ಮನ್ನು ತರಬೇತಿಗೆಂದು ಜಪಾನಿಗೆ ಕಳಿಸಿದ್ದರು. ಒಂದು ರಜೆಯ ದಿನ ಬಿಸಿನೀರಿನ ಬುಗ್ಗೆಗಳ ಹಳೆಯ ಊರಿಗೆ ಕರೆದೊಯ್ದರು. ಮರದ ಮನೆಗಳ ಸಾಲು, ಪ್ರತಿ ಬಾಗಿಲ ಮುಂದೆಯೂ ಚರಂಡಿಯಿಂದ ಏಳುವ ಹಬೆ. ನಮ್ಮೂರು ಸಾಸಲಿನಲ್ಲಿದ್ದ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಬೀದಿ ತೋರಿಸಿದೆ.

"ಏನ್ಲಾ ಇದು, ಎಲ್ಲಾರ್ ಮನೆ ಮುಂದೂ ನೀರ್ ಕಾಯಿಸ್ತಾವ್ರೆ! ಎಷ್ಟ್ ಹೆಣ ಬಿದ್ದವೆ?" ಅಂದ.

ನಮ್ಮಲ್ಲಿ ಮನೆಯ ಹೊರಗೆ ನೀರು ಕಾಯಿಸುವುದು ಹೆಣದ ಸ್ನಾನಕ್ಕೆ ಮಾತ್ರ. ಬೇರೆ ದಿನ ಯಾರಾದರೂ ಅಂಗಳದಲ್ಲಿ ಒಲೆ ಹೂಡಿದರೆ ಬೈಸಿಕೊಳ್ಳುತ್ತಾರೆ.

"ಸುಮ್ನಿರಪ್ಪ, ಇಲ್ಲಿ ನೆಲದಿಂದ್ಲೇ ಬಿಸಿನೀರ್ ಬರ್ತೈತೆ" ಎಂದು ರೇಗಿದೆ.

ಅಲ್ಲಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ಎಲ್ಲರೂ ಬತ್ತಲೆ. ನೇರವಾಗಿ ಬಿಸಿನೀರಿನ ಕೊಳಕ್ಕೆ ಇಳಿಯಹೊರಟ ನನ್ನನ್ನು ಒಬ್ಬ ಮುದುಕ ತಡೆದ. ಮರದ ಬೋಗುಣಿಯಲ್ಲಿ ನೀರು ತುಂಬಿಕೊಂಡು ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಕೊನೆಗೆ ಹೆಗಲಿಗೆ ಹುಯ್ದುಕೊಂಡು ತೋರಿಸಿದ. ಮೈ ಬಿಸಿಗೆ ಮೆಲ್ಲಗೆ ಒಗ್ಗಬೇಕಂತೆ. ನಾನೂ ಹಾಗೇ ಮಾಡಿದೆ.

ನಾನು ವಾಪಸಾದ ವರ್ಷವೇ ಅಪ್ಪ ಹೋದ. ನಮ್ಮ ಮನೆ ಮುಂದೆ ಮೂರು ಕಲ್ಲು ಹೂಡಿ ಹಂಡೆ ಏರಿಸಿದರು. ಬೀದಿಗೆಲ್ಲ ಹಬೆ ಹರಡಿತು. ಅಪ್ಪನನ್ನು ಹಲಗೆಯ ಮೇಲೆ ಕೂರಿಸಿ, ಇಬ್ಬರು ತೋಳು ಹಿಡಿದುಕೊಂಡು, ಚೊಂಬನ್ನು ನನ್ನ ಕೈಗೆ ಕೊಟ್ಟರು. ನಾನು ಪಾದಕ್ಕೆ ಒಂದಿಷ್ಟು ಹುಯ್ದೆ. ಮಂಡಿಗೆ ಒಂದಿಷ್ಟು ಹುಯ್ದು, ಸ್ವಲ್ಪ ತಡೆದೆ.

"ಅದ್ಯಾಕ್ಲಾ ಅಲ್ಲಿಂದ? ತಲೆ ಮೇಲೆ ಹುಯ್ಯಿ" ಎಂದು ಚಿಕ್ಕಪ್ಪ ಗದರಿದ. "ಅಣ್ಣಂಗೆ ಇನ್ನೇನ್ ಸುಡ್ತೈತಾ?"